ಕೃಷಿ ಕಾಯ್ದೆಗೆ ನೀವು ಪರವೋ ವಿರೋಧವೋ ಅಂತ ಕೇಳುವವರಿಗೆ

ಹೋದ ತಿಂಗಳು ಒಂದು ಮದುವೆ ಊಟ. ಪಕ್ಕದ ಎಲೆಯವರು ಕೇಳಿದರು, "ನೀವು ವಕೀಲರಲ್ವಾ ಮೇಡಂ? ಆ ಮೂರು ಕೃಷಿ ಕಾಯ್ದೆಗೆ ನೀವು ಪರವೋ ವಿರೋಧವೋ? ಒಂದೇ ಮಾತಲ್ಲಿ ಹೇಳಿಬಿಡಿ." ನಾನು ಹೋಳಿಗೆ ಬಿಟ್ಟು ಅವರ ಕಡೆ ತಿರುಗಿದೆ. "ಮೊದಲನೇ ಕಾಯ್ದೆಯ ಹದಿನೈದನೇ ಕಲಂ ಇದೆಯಲ್ಲ..." ಅಂತ ಶುರು ಮಾಡಿದೆ. ಅಷ್ಟರಲ್ಲಿ ಅವರು ತುಪ್ಪದವನನ್ನು ಕೂಗಿದರು.

ಬಸ್ಸಲ್ಲಿ ಕೇಳುತ್ತಾರೆ. ಕೋರ್ಟಿನ ಕ್ಯಾಂಟೀನಲ್ಲಿ ಕೇಳುತ್ತಾರೆ. ಅಮೆರಿಕದಿಂದ ರಜೆಗೆ ಬಂದ ಚಿಕ್ಕಪ್ಪನ ಮಗ ಕೇಳುತ್ತಾನೆ. ಕೇಂದ್ರ ಸರ್ಕಾರ 2020ರಲ್ಲಿ ತಂದ ಕಾಯ್ದೆಗಳು ಅವು. 2021ರಲ್ಲೇ ರದ್ದಾಗಿ ಹೋದವು, ಪ್ರಶ್ನೆಯೂ ಹೋಗುತ್ತೆ ಅಂದುಕೊಂಡಿದ್ದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕೃಷಿ ಮಾರುಕಟ್ಟೆ ನೀತಿಯ ಕರಡು ಹೊರಡಿಸಿತು. ಹಳೇ ಕಾಯ್ದೆ ಹಿಂಬಾಗಿಲಿಂದ ಬರ್ತಿದೆ ಅಂತ ರೈತ ಸಂಘಟನೆಗಳು ಹೇಳಿದವು. ಪ್ರಶ್ನೆ ಮತ್ತೆ ಶುರುವಾಯ್ತು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ. ಈ ಪ್ರಶ್ನೆ ಕೇಳುವ ಬಹಳ ಜನಕ್ಕೆ ಕಾಯ್ದೆಯ ಮೇಲೆ ಆಸಕ್ತಿ ಇಲ್ಲ. ನಾನು ಯಾವ ಪಾರ್ಟಿ ಅಂತ ತಿಳಿಯಬೇಕು, ಅಷ್ಟೇ. ಪರ ಅಂದರೆ ಒಂದು ಪಾರ್ಟಿ, ವಿರೋಧ ಅಂದರೆ ಇನ್ನೊಂದು. ನಾನು ತಾಲೂಕು ಕೋರ್ಟಿನ ವಕೀಲೆ. ಹದಿನೆಂಟು ವರ್ಷದಿಂದ ಪಹಣಿ, ಮ್ಯುಟೇಶನ್, ಬಾಕಿ ದುಡ್ಡು, ಬದುವಿನ ಜಗಳ ಇವೇ ನನ್ನ ಕೆಲಸ. ಒಂದು ಕಾನೂನು ಕೈಗೆ ಬಂದರೆ ನಾನು ಮೊದಲು ಅದರ ಕೊನೆಯ ಪುಟಗಳಿಗೆ ಹೋಗುತ್ತೇನೆ. ತಕರಾರು ಬಂದರೆ ಯಾರ ಹತ್ತಿರ ಹೋಗಬೇಕು, ಅವರು ತಪ್ಪು ಮಾಡಿದರೆ ಅವರ ಮೇಲೆ ಯಾರು ಅನ್ನೋದು ಅಲ್ಲೇ ಇರುತ್ತೆ.

ಆ ಮೊದಲನೇ ಕಾಯ್ದೆಯನ್ನೇ ತಗೊಳ್ಳಿ. 2020ರ ಜೂನ್ 5ರಂದು ಸುಗ್ರೀವಾಜ್ಞೆಯಾಗಿ ಬಂತು, ಸೆಪ್ಟೆಂಬರ್‌ನಲ್ಲಿ ಸಂಸತ್ತಿನಲ್ಲಿ ಪಾಸಾಯ್ತು. ಅದು ಹೇಳಿದ್ದು ಇಷ್ಟು. ಎಪಿಎಂಸಿ ಪ್ರಾಂಗಣದ, ಅಂದರೆ ಸರ್ಕಾರದ ನಿಯಂತ್ರಣದ ಮಂಡಿಯ, ಹೊರಗೆ ಯಾರು ಬೇಕಾದರೂ ರೈತನ ಮಾಲು ಕೊಳ್ಳಬಹುದು, ಪ್ಯಾನ್ ಕಾರ್ಡ್ ಇದ್ದರೆ ಸಾಕು. ಅಲ್ಲಿ ಮಾರುಕಟ್ಟೆ ಶುಲ್ಕ ಇಲ್ಲ. ದುಡ್ಡು ಅವತ್ತೇ ಕೊಡಬೇಕು, ತಡ ಅಂದರೆ ಮೂರು ಕೆಲಸದ ದಿನದೊಳಗೆ. ಕೊಡದೇ ಹೋದರೆ? ರೈತ ಉಪವಿಭಾಗಾಧಿಕಾರಿಗೆ, ಅಂದರೆ ನಮ್ಮ ಎಸಿಗೆ, ಅರ್ಜಿ ಹಾಕಬೇಕು. ಅವರು ಸಂಧಾನ ಮಂಡಳಿ ಮಾಡುತ್ತಾರೆ. ಮೂವತ್ತು ದಿನದಲ್ಲಿ ಸಂಧಾನ ಆಗದಿದ್ದರೆ ಎಸಿಯೇ ತೀರ್ಮಾನ ಕೊಡುತ್ತಾರೆ. ಒಪ್ಪಿಗೆ ಇಲ್ಲದವರು ಮೂವತ್ತು ದಿನದೊಳಗೆ ಡಿಸಿ ಅಥವಾ ಅಪರ ಡಿಸಿಗೆ ಮೇಲ್ಮನವಿ ಹಾಕಬಹುದು. ಅಲ್ಲಿಗೆ ಮುಗೀತು. ಹದಿನೈದನೇ ಕಲಂ ಪ್ರಕಾರ ಈ ವಿಷಯಕ್ಕೆ ಯಾವ ಸಿವಿಲ್ ಕೋರ್ಟೂ ಕೈ ಹಾಕುವ ಹಾಗಿಲ್ಲ. ಗುತ್ತಿಗೆ ಕೃಷಿಯ ಎರಡನೇ ಕಾಯ್ದೆಯಲ್ಲೂ ಹತ್ತೊಂಬತ್ತನೇ ಕಲಂ ಇದೇ ಮಾತು ಹೇಳಿತ್ತು.

ಈ ದಾರಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಮಹಾರಾಷ್ಟ್ರದ ಧುಳೆ ಜಿಲ್ಲೆಯ ಒಬ್ಬ ಮೆಕ್ಕೆಜೋಳದ ರೈತನಿಗೆ ಇದೇ ಕಾಯ್ದೆಯಿಂದ ದುಡ್ಡು ಬಂತು. 3 ಲಕ್ಷ 32 ಸಾವಿರಕ್ಕೆ ಮಾರಿ, 25 ಸಾವಿರ ಮುಂಗಡ ಪಡೆದು, ತಿಂಗಳುಗಟ್ಟಲೆ ಕಾದಿದ್ದ ಅವರು ಅರ್ಜಿ ಹಾಕಿದ ಮೇಲೆ ಬಾಕಿ ಬಂತು. ಪ್ರಧಾನಿ ತಮ್ಮ ರೇಡಿಯೋ ಮಾತಿನಲ್ಲಿ ಅವರ ಕಥೆ ಹೇಳಿದರು. ಅದನ್ನು ಕೇಳಿಯೇ ನನ್ನ ಹತ್ತಿರ ಒಬ್ಬ ಯಜಮಾನರು ಬಂದರು.

ಅವರದ್ದೂ ಮೆಕ್ಕೆಜೋಳವೇ. ಕಣದಲ್ಲೇ ಲಾರಿ ತಂದು ನಿಲ್ಲಿಸಿದ ಹೊರಗಿನ ವ್ಯಾಪಾರಿಗೆ ಮಾರಿದ್ದರು. 70 ಚೀಲ, 42 ಕ್ವಿಂಟಲ್. ಕ್ವಿಂಟಲ್‌ಗೆ 1,300 ರೂಪಾಯಿ. ಆ ವರ್ಷ ಸರ್ಕಾರದ ಬೆಂಬಲ ಬೆಲೆ 1,850 ಇತ್ತು, ಆದರೆ ಆ ರೇಟಿಗೆ ಕೊಳ್ಳುವವರು ಇರಲಿಲ್ಲ. ಕೈಗೆ ಬಂದಿದ್ದು 10 ಸಾವಿರ. ಬಾಕಿ 44,600.

"ಏನಾದ್ರೂ ಬರೆದು ಕೊಟ್ಟಿದ್ದಾರಾ ಯಜಮಾನ್ರೇ?" ಅಂದೆ.

ಅವರು ಒಳ ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಅದರೊಳಗೆ ರೇಷನ್ ಕಾರ್ಡಿನ ಜೆರಾಕ್ಸ್, ಅದರ ಮಡಿಕೆಯೊಳಗೆ ಒಂದು ಚೀಟಿ. ಗೋಡೆ ಕ್ಯಾಲೆಂಡರಿನ ಹಾಳೆ ಹರಿದದ್ದು. ಮುಂದೆ ತಿಥಿ, ನಕ್ಷತ್ರ, ರಾಹುಕಾಲ. ಹಿಂದೆ ಬಾಲ್ ಪೆನ್ನಿನಲ್ಲಿ "70 ಚೀಲ, 42-00, 1300, ಮು. 10000" ಅಂತ ನಾಲ್ಕು ಸಾಲು, ಕೆಳಗೆ ಒಂದು ಫೋನ್ ನಂಬರ್. ಹೆಸರಿಲ್ಲ, ಸಹಿ ಇಲ್ಲ. ಬೆವರಿಗೆ ಸೊನ್ನೆಗಳು ಹರಡಿದ್ದವು. ಮಂಡಿಯಲ್ಲಿ ಬಿಳಿ ಚೀಟಿ ಕೊಡಬಾರದು, ಲೆಕ್ಕ ಬರೆದ ಅಧಿಕೃತ ತಕ್ ಪಟ್ಟಿ ಕೊಡಬೇಕು ಅಂತ ನಾವು ವರ್ಷಗಟ್ಟಲೆ ಕೂಗಿದ್ದೇವೆ. ಇಲ್ಲಿ ಬಿಳಿ ಚೀಟಿಗೂ ಗತಿ ಇರಲಿಲ್ಲ.

ಆದರೂ ಅರ್ಜಿ ಬರೆದೆ. 2020ರ ಡಿಸೆಂಬರ್. ನಾವಿಬ್ಬರೂ ಎಸಿ ಕಚೇರಿಗೆ ಹೋದೆವು. ಹೊಸ ಕಾಯ್ದೆಯ ಅರ್ಜಿ ಅಂದರೆ ಯಾವ ಟೇಬಲ್‌ಗೆ ಕೊಡಬೇಕು ಅನ್ನೋದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರ ತಪ್ಪು ಅಂತ ನಾನು ಹೇಳಲಾರೆ. ಸುತ್ತೋಲೆ ಬಂದಿಲ್ಲ ಅಂದರು. ಸಾಹೇಬರು ಗ್ರಾಮ ಪಂಚಾಯ್ತಿ ಚುನಾವಣೆ ಕೆಲಸದಲ್ಲಿದ್ದಾರೆ ಅಂದರು. ನಿಜವೇ, ಡಿಸೆಂಬರ್ 22 ಮತ್ತು 27ಕ್ಕೆ ಮತದಾನ ಇತ್ತು. ಎಸಿ ಅಂದರೆ ಚುನಾವಣೆ, ನೆರೆ, ಬರ, ಮಂತ್ರಿಗಳ ಪ್ರವಾಸ, ಭೂಸ್ವಾಧೀನ ಎಲ್ಲ ಒಬ್ಬರ ತಲೆ ಮೇಲೆ. ಆ ರಾಶಿಯ ಮೇಲೆ ಮಂಡಿ ಹೊರಗಿನ ವ್ಯಾಪಾರದ ತಕರಾರನ್ನೂ ತಂದು ಇಟ್ಟಿದ್ದರು. ಮೂವತ್ತು ದಿನ ಅಂತ ಕಾಯ್ದೆಯಲ್ಲಿ ಬರೆದುಬಿಟ್ಟರೆ ಎಸಿಗೆ ಮೂವತ್ತು ದಿನ ಬಿಡುವು ಸಿಗುತ್ತಾ?

ವರಾಂಡದ ಸಿಮೆಂಟ್ ಕಟ್ಟೆ ಮೇಲೆ ಕೂತಿದ್ದೆವು. ಯಜಮಾನರು ಕೇಳಿದರು.

"ವಕೀಲಮ್ಮ, ಎಸಿ ಸಾಹೇಬ್ರು ನಿನ್ನ ಚೀಟಿ ನಡಿಯಲ್ಲ ಅಂದ್ರೆ ಮೇಲೆ ಯಾರು?"

"ಡಿಸಿ."

"ಡಿಸಿ ಸಾಹೇಬ್ರೂ ಅಂಗೇ ಅಂದ್ರೆ?"

ನಾನು ಸುಮ್ಮನಾದೆ. ಹೈಕೋರ್ಟಿಗೆ ರಿಟ್ ಹಾಕಬಹುದು. ಸಂವಿಧಾನ ಕೊಟ್ಟ ಆ ಹಕ್ಕನ್ನು ಯಾವ ಕಾಯ್ದೆಯೂ ಕಿತ್ತುಕೊಳ್ಳಲಾರದು. ಆದರೆ 44,600 ರೂಪಾಯಿಗೆ ಧಾರವಾಡಕ್ಕೋ ಬೆಂಗಳೂರಿಗೋ ಹೋಗಿ, ಅಲ್ಲಿ ಬೇರೆ ವಕೀಲರನ್ನು ಹಿಡಿದು ರಿಟ್ ಹಾಕಿ ಅಂತ ಆ ಮನುಷ್ಯನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ನೋಡಿ, ನನ್ನನ್ನು ಕೇಳಬೇಕಾದ ಪ್ರಶ್ನೆ ಅದು. ಇಷ್ಟು ವರ್ಷದಲ್ಲಿ ಅದನ್ನು ಕೇಳಿದ್ದು ಆ ಯಜಮಾನರು ಒಬ್ಬರೇ. ಮದುವೆ ಮನೆಯವರು ಕೇಳಲಿಲ್ಲ, ಟಿವಿಯವರು ಕೇಳಲಿಲ್ಲ. ದೆಹಲಿಯಲ್ಲಿ ಕೂತವರಿಗೆ ಕೇಳಲು ಅವಕಾಶವೇ ಸರಿಯಾಗಿ ಸಿಗಲಿಲ್ಲ.

2020ರ ಸೆಪ್ಟೆಂಬರ್ 20, ಭಾನುವಾರ. ರಾಜ್ಯಸಭೆ. ಮಸೂದೆಗಳನ್ನು ಆಯ್ಕೆ ಸಮಿತಿಗೆ ಕಳಿಸಿ ಅಂತ ವಿರೋಧ ಪಕ್ಷದವರು ಕೇಳಿದರು. ಸಮಿತಿಗೆ ಹೋಗಿದ್ದರೆ ಒಂದೊಂದೇ ಕಲಂ ಓದುತ್ತಿದ್ದರು, ಹದಿನೈದರ ಹತ್ತಿರ ಬಂದಾಗ ಯಾರಾದರೂ ಒಬ್ಬರು ತಡೆದು ನಿಲ್ಲಿಸುತ್ತಿದ್ದರು ಅಂತ ನನ್ನ ನಂಬಿಕೆ. ಮತ ಎಣಿಸಿ ಅಂತಲೂ ಕೇಳಿದರು. ಗದ್ದಲ ಆಯ್ತು. ಮೈಕ್ ಕಿತ್ತರು, ಮೇಜು ಹತ್ತಿದರು. ಅದೂ ನನಗೆ ಹಿಡಿಸಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಉಪಸಭಾಪತಿ ಧ್ವನಿಮತಕ್ಕೆ ಹಾಕಿ ಪಾಸು ಅಂದರು. ಮಾರನೇ ದಿನ ಎಂಟು ಸದಸ್ಯರು ಅಮಾನತು. ಅವರಲ್ಲಿ ನಮ್ಮ ರಾಜ್ಯದ ಸೈಯದ್ ನಾಸಿರ್ ಹುಸೇನ್ ಕೂಡ ಇದ್ದರು.

ಅದೇ 2020ರ ಡಿಸೆಂಬರ್ 9ರಂದು ಏನಾಯ್ತು ಗೊತ್ತಾ? ಸರ್ಕಾರ ರೈತ ಮುಖಂಡರಿಗೆ ಬರಹದಲ್ಲಿ ಒಂದು ಪ್ರಸ್ತಾಪ ಕಳಿಸಿತು. ಅದರಲ್ಲಿ ಬೇಕಾದರೆ ಸಿವಿಲ್ ಕೋರ್ಟಿಗೆ ಹೋಗುವ ಅವಕಾಶವನ್ನೂ ಕೊಡುತ್ತೇವೆ ಅಂದಿತ್ತು. ಅಂದರೆ ಬಾಗಿಲು ಹಾಕಿದ್ದು ಸರಿ ಇರಲಿಲ್ಲ ಅಂತ ಅವರೇ ಒಪ್ಪಿದ ಹಾಗಾಯ್ತು. ಮೂರು ತಿಂಗಳ ಹಿಂದೆ ಸದನದಲ್ಲಿ ಅರ್ಧ ದಿನ ಕೂತಿದ್ದರೆ ಮುಗಿಯುವ ಮಾತು. ರೈತರು ಧರಣಿ ಕೂತು ಚಳಿಯಲ್ಲಿ ದೆಹಲಿಯ ಸಿಂಘು, ಟಿಕ್ರಿ ಗಡಿಯಲ್ಲಿ ಮಲಗಿದ ಮೇಲೆ ಅದು ಹೊಳೆಯಿತು. ರೈತರು ಆ ಪ್ರಸ್ತಾಪ ಒಪ್ಪಲಿಲ್ಲ, ಪೂರ್ತಿ ವಾಪಸ್ ಆಗಲಿ ಅಂದರು. ಕೊನೆಗೆ 2021ರ ನವೆಂಬರ್ 29ರಂದು ರದ್ದತಿ ಮಸೂದೆ ಬಂದಾಗ ಎರಡೂ ಸದನಗಳಲ್ಲಿ ಚರ್ಚೆಯೇ ಇಲ್ಲ. ಬರುವಾಗ ಸಮಿತಿ ಇಲ್ಲ, ಮತ ಎಣಿಕೆ ಇಲ್ಲ, ಹೋಗುವಾಗ ಚರ್ಚೆಯೂ ಇಲ್ಲ. ಕಾಯ್ದೆ ಹೋದದ್ದು ನನಗೆ ಸಮಾಧಾನ. ಅದರ ಬಗ್ಗೆ ಯಾರೂ ಮಾತಾಡದೇ ಹೋದದ್ದು ಇವತ್ತಿಗೂ ಹೊಟ್ಟೆಯಲ್ಲಿ ಉರಿಯುತ್ತೆ.

ಇಲ್ಲಿ ನಮ್ಮ ಬಾರ್ ರೂಮಿನ ಒಬ್ಬ ಹಿರಿಯರು ನನ್ನನ್ನು ಹಿಡಿದು ನಿಲ್ಲಿಸಿದ್ದರು. "ಏನಮ್ಮ, 1974ರ ಭೂಸುಧಾರಣೆಯಲ್ಲೂ ಸಿವಿಲ್ ಕೋರ್ಟನ್ನು ದೂರ ಇಟ್ಟಿದ್ದರಲ್ಲ. ನಿಮ್ಮ ಮನೆಗೆ ಭೂಮಿ ಬಂದದ್ದೇ ಅದರಿಂದ. ಆಗ ಒಳ್ಳೇದು, ಈಗ ಕೆಟ್ಟದ್ದಾ?" ಇದು ಸರಿಯಾದ ಪ್ರಶ್ನೆ. ಇದಕ್ಕೆ ಉತ್ತರ ಕೊಡಲೇಬೇಕು.

ನಮ್ಮ ಅಜ್ಜ ಗೇಣಿದಾರ. ಉಳುತ್ತಿದ್ದ ಹೊಲ ತಮಗೇ ಸೇರಬೇಕು ಅಂತ ಫಾರಂ ನಂಬರ್ 7 ಅರ್ಜಿ ಹಾಕಿದವರು. ಭೂ ನ್ಯಾಯಮಂಡಳಿಯಲ್ಲಿ ಎಸಿ ಅಧ್ಯಕ್ಷರು, ಜೊತೆಗೆ ಸರ್ಕಾರ ಹೆಸರಿಸಿದ ಸದಸ್ಯರು. ಅಲ್ಲಿ ವಕೀಲರು ಬರುವ ಹಾಗಿರಲಿಲ್ಲ. ಆ ನಿಯಮವನ್ನು ಆಮೇಲೆ ಕೋರ್ಟು ಒಪ್ಪಲಿಲ್ಲ, ಆದರೆ ಅಜ್ಜನ ಸರದಿ ಬಂದಾಗ ಇತ್ತು. ಧಣಿಗಳ ಭಾವಮೈದ ದೊಡ್ಡ ವಕೀಲರು. ಅವತ್ತು ಅವರು ಹೊರಗೆ ಹುಣಸೆ ಮರದ ಕೆಳಗೆ ಕೂತಿದ್ದರಂತೆ. ಒಳಗೆ ಅಜ್ಜನನ್ನು ಕೇಳಿದರು, "ಗೇಣಿ ಎಷ್ಟು ಕೊಡ್ತಿದ್ದೆ? ರಸೀದಿ ಇದೆಯಾ?" ರಸೀದಿ ಎಲ್ಲಿಂದ ಬರಬೇಕು? ಅಜ್ಜ ಪಕ್ಕದ ಹೊಲದವರನ್ನು ಕರೆದು ನಿಲ್ಲಿಸಿದರು. ಅವರು "ಈ ಹೊಲ ಉಳೋದನ್ನ ನಾವು ಹುಟ್ಟಿದಾಗಿಂದ ನೋಡಿದ್ದೀವಿ" ಅಂದರು. ಮಂಡಳಿ ಆ ಮಾತನ್ನು ಬರೆದುಕೊಂಡಿತು.

ವ್ಯತ್ಯಾಸ ಅಲ್ಲೇ ಇದೆ. 1974ರಲ್ಲಿ ಸಿವಿಲ್ ಕೋರ್ಟಿನ ಬಾಗಿಲು ಹಾಕಿದ್ದು ದುಡ್ಡಿದ್ದವರು ಇಪ್ಪತ್ತು ವರ್ಷ ಕೇಸು ಎಳೆಯದಿರಲಿ ಅಂತ. ಅದಕ್ಕಾಗಿ ಬೇರೆ ಮಂಡಳಿಯನ್ನೇ ಕಟ್ಟಿದರು. ಅದು ಕಾಗದ ಇಲ್ಲದವನ ಮಾತನ್ನೂ ಕಿವಿಗೆ ಹಾಕಿಕೊಂಡಿತು. 2020ರಲ್ಲಿ ತೀರ್ಪು ಕೊಡಲು ಹೊಸ ಮಂಡಳಿ ಕಟ್ಟಲಿಲ್ಲ. ಇದ್ದ ಎಸಿ, ಇದ್ದ ಡಿಸಿ, ಮೇಲೆ ಒಂದು ಬೀಗ. ಅಷ್ಟು ಸಾಲದು ಅಂತ ಹದಿಮೂರನೇ ಕಲಂನಲ್ಲಿ ಒಳ್ಳೆ ಉದ್ದೇಶದಿಂದ ಮಾಡಿದ ಕೆಲಸಕ್ಕೆ ಸರ್ಕಾರ, ಅಧಿಕಾರಿ ಮಾತ್ರ ಅಲ್ಲ, "ಬೇರೆ ಯಾವುದೇ ವ್ಯಕ್ತಿ"ಯ ಮೇಲೂ ದಾವೆ ಹೂಡುವಂತಿಲ್ಲ ಅಂತ ಬರೆದರು. ಆ ಬೇರೆ ವ್ಯಕ್ತಿ ವ್ಯಾಪಾರಿಯೂ ಆಗಬಹುದಲ್ವಾ?

ಹಾಗಂತ 1974ರದ್ದು ಎಲ್ಲ ಚೊಕ್ಕ ಇತ್ತು ಅನ್ನಲಾರೆ. ನಮ್ಮೂರಲ್ಲೇ ಗಂಡ ಸತ್ತ ಮೇಲೆ ಎರಡೆಕರೆ ಗೇಣಿಗೆ ಕೊಟ್ಟು ಬದುಕುತ್ತಿದ್ದ ಒಬ್ಬ ಅಜ್ಜಿ ಇದ್ದರು. ಆ ಎರಡೆಕರೆಯೂ ಹೋಯ್ತು. ಮಂಡಳಿಯ ಮೇಲೆ ಅಪೀಲು ಇರಲಿಲ್ಲ, ಹೈಕೋರ್ಟಿಗೆ ರಿಟ್ ಒಂದೇ ದಾರಿ. ಧಣಿಗಳು ಬೆಂಗಳೂರಿಗೆ ಹೋಗಿ ಅದನ್ನು ಹಾಕಿದರು. ಆ ಅಜ್ಜಿಗೆ ಬೆಂಗಳೂರಿನ ಬಸ್ ಯಾವುದು ಅಂತಲೂ ಗೊತ್ತಿರಲಿಲ್ಲ. 1986ರಲ್ಲಿ ನಮ್ಮ ರಾಜ್ಯದ ಶಾಸಕರು ಮೇಲ್ಮನವಿ ಪ್ರಾಧಿಕಾರ ತಂದರು. ನಾಲ್ಕೇ ವರ್ಷ, 1990ರಲ್ಲಿ ಅದನ್ನೂ ತೆಗೆದು ಹಾಕಿದರು. ಮತ್ತೆ ಹೈಕೋರ್ಟು. ನಮ್ಮ ಅಜ್ಜನ ಎದುರಾಳಿಗೂ ಹತ್ತಿರದಲ್ಲೊಂದು ಅಪೀಲು ಇರಬೇಕಿತ್ತು ಅಂತ ನಾನು ಹೇಳುತ್ತೇನೆ. ಮನೆಯಲ್ಲಿ ಇದನ್ನು ಹೇಳಿದಾಗ ನಮ್ಮಪ್ಪ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು.

ಹಾಗಾಗಿ ಮುಂದೆ ಯಾವ ಪಾರ್ಟಿ ಯಾವ ಕೃಷಿ ಕಾನೂನು ತಂದರೂ ನನ್ನನ್ನು ಪರವೋ ವಿರೋಧವೋ ಅನ್ನಬೇಡಿ. ಕಾಯ್ದೆಯ ಪ್ರತಿ ತಂದು ಕೊಡಿ. ಅಪೀಲು ಕೇಳುವವರು ಯಾರು, ಅವರ ಕಚೇರಿ ಊರಿಗೆ ಎಷ್ಟು ದೂರ, ಅವರಿಗೆ ಬೇರೆ ಕೆಲಸ ಎಷ್ಟು, ಕ್ಯಾಲೆಂಡರ್ ಹಾಳೆಯ ಚೀಟಿಯನ್ನು ಅವರು ಸಾಕ್ಷಿ ಅಂತ ನೋಡುತ್ತಾರಾ, ಇಷ್ಟನ್ನು ಕೇಳಿ. ನಿಮ್ಮ ಶಾಸಕರನ್ನೂ ಇದನ್ನೇ ಕೇಳಿ. ಊಟ ಬಿಟ್ಟು ಉತ್ತರ ಕೊಡುತ್ತೇನೆ.

ಯಜಮಾನರ ಕೇಸು ಏನಾಯ್ತು ಅಂತ ಕೇಳುತ್ತೀರಿ. 2021ರ ಜನವರಿ 12ರಂದು ಸುಪ್ರೀಂ ಕೋರ್ಟು ಮೂರೂ ಕಾಯ್ದೆಗೆ ತಡೆ ಕೊಟ್ಟಿತು. ಮುಂದಿನ ವಾರ ಕಚೇರಿಗೆ ಹೋದಾಗ, ಸ್ಟೇ ಆಗಿದೆಯಲ್ಲಮ್ಮ, ನಾವೇನು ಮಾಡೋಕಾಗುತ್ತೆ ಅಂದರು. ಸಿವಿಲ್ ದಾವೆ ಹಾಕೋಣ ಅಂದೆ, ನನ್ನ ಫೀಸು ಬೇಡ ಅಂತಲೂ ಹೇಳಿದೆ. ಯಾರ ಮೇಲೆ ಹಾಕೋದು? ಚೀಟಿಯಲ್ಲಿ ಹೆಸರೇ ಇಲ್ಲ. ಆ ನಂಬರಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ದಾವೆಯ ಕಾಲಮಿತಿಯೂ ಮುಗಿದುಹೋಯ್ತು.

ಚೀಟಿ ನನ್ನ ಫೈಲಿನಲ್ಲೇ ಇದೆ. ವಾಪಸ್ ಕೊಡಲು ಹೋದಾಗ ಅವರು ತಗೊಳ್ಳಲಿಲ್ಲ. "ನಿಮ್ಮತ್ರನೇ ಇರ್ಲಿ ವಕೀಲಮ್ಮ, ಮುಂದೆ ಯಾವ್ದಾದ್ರೂ ಕಾನೂನು ಬಂದ್ರೆ ನೋಡೋಣ" ಅಂದರು.