ಕಾಲ್ ಮಾಡುವವರ ಮುಂದೆ ಬ್ಲಫ್ ಬೇಡ: ಪೋಕರ್ ಟೇಬಲ್ ಕಲಿಸಿದ್ದು

ನನ್ನದು ಪೋಕರ್ ಟೇಬಲ್‌ನಲ್ಲಿ ಎಲೆ ಹಂಚುವ ಕೆಲಸ. ಮನೆ ಕಾರವಾರದ ಕೋಡಿಬಾಗದಲ್ಲಿ. ಕೆಲಸ ಗೋವಾದಲ್ಲಿ, ಮಾಂಡೋವಿ ನದಿಯಲ್ಲಿ ನಿಂತ ಕ್ಯಾಸಿನೊ ಹಡಗಿನ ಮೇಲೆ. ಅಂಕೋಲಾ, ಕುಮಟಾ ಕಡೆಯಿಂದ ಹೊಸದಾಗಿ ಈ ಕೆಲಸಕ್ಕೆ ಸೇರಿದ ಹುಡುಗರು ರಜೆಯಲ್ಲಿ ನಮ್ಮ ಮನೆ ಜಗುಲಿಗೆ ಬರುತ್ತಾರೆ. ಪ್ಲಾಸ್ಟಿಕ್ ಚಿಪ್ಸ್ ಇಟ್ಟುಕೊಂಡು ಅಭ್ಯಾಸ, ಒಂದು ರೂಪಾಯಿಯನ್ನೂ ಹಚ್ಚುವುದಿಲ್ಲ. ಎಲೆ ಹಂಚುವುದು, ಪಾಟ್ (ಟೇಬಲ್ ಮಧ್ಯೆ ಸೇರಿದ ಚಿಪ್ಸ್) ಎಣಿಸುವುದು ಬೇಗ ಕೈಗೆ ಹತ್ತುತ್ತದೆ. ಅವರನ್ನು ಕಾಡುವ ಪ್ರಶ್ನೆಯೇ ಬೇರೆ: ಆಟ ಬಲ್ಲವರು ಟೂರ್ನಮೆಂಟ್‌ನಲ್ಲಿ ಹೊಸಬರ ಕೈಯಲ್ಲಿ ಯಾಕೆ ಸೋಲುತ್ತಾರೆ?

ಡೀಲರ್ ಕುರ್ಚಿಯಲ್ಲಿ ಕೂತವರಿಗೆ ಇದು ಚೆನ್ನಾಗಿ ಕಾಣುತ್ತದೆ. ಒಂದು ಕೈ ಹೇಳುತ್ತೇನೆ. ಓದಿಕೊಂಡು ಬಂದಿದ್ದ ಒಬ್ಬ ಯುವಕನ ಬಳಿ ಎಕ್ಕ ಮತ್ತು ರಾಜ. ರೇಸ್ ಮಾಡಿದ, ಅಂದರೆ ಪಣ ಏರಿಸಿದ. ಎದುರಿಗಿದ್ದ ಹಿರಿಯರು ಅಷ್ಟೇ ಚಿಪ್ಸ್ ಹಾಕಿ ಕಾಲ್ ಮಾಡಿದರು. ಫ್ಲಾಪ್‌ನಲ್ಲಿ, ಅಂದರೆ ಎಲ್ಲರಿಗೂ ಸೇರಿದಂತೆ ಟೇಬಲ್ ಮೇಲೆ ತೆರೆಯುವ ಮೊದಲ ಮೂರು ಎಲೆಯಲ್ಲಿ, ಒಂಬತ್ತು, ನಾಲ್ಕು, ಎರಡು. ಯುವಕನಿಗೆ ಏನೂ ಕೂಡಲಿಲ್ಲ, ಆದರೂ ಪಾಟ್‌ನ ಅರ್ಧದಷ್ಟು ಹಾಕಿದ. ಕಾಲ್. ನಾಲ್ಕನೇ ಎಲೆಗೆ, ಅಂದರೆ ಟರ್ನ್‌ನಲ್ಲಿ ಗುಲಾಮ ಬಿತ್ತು, ಮತ್ತೆ ಹಾಕಿದ. ಕಾಲ್. ಕೊನೆಯ ಐದನೇ ಎಲೆಗೆ, ಅಂದರೆ ರಿವರ್‌ನಲ್ಲಿ ಆರು, ಉಳಿದದ್ದೆಲ್ಲ ಮುಂದೆ ತಳ್ಳಿದ. ಹಿರಿಯರು ತಮ್ಮ ಎಲೆ ಇನ್ನೊಮ್ಮೆ ಎತ್ತಿ ನೋಡಿ, ಕಾಲ್ ಎಂದರು. ಅವರ ಕೈಯಲ್ಲಿದ್ದ ಒಂದು ನಾಲ್ಕು ಫ್ಲಾಪ್‌ನ ನಾಲ್ಕರ ಜೊತೆ ಕೂಡಿ ಆಗಿದ್ದು ಒಂದು ಜೋಡಿ. ಅಷ್ಟೇ ಸಾಕಾಯಿತು.

ಯುವಕ ಕಲಿತ ಲೆಕ್ಕದಲ್ಲಿ ತಪ್ಪಿರಲಿಲ್ಲ. ಕೈಯಲ್ಲಿ ಏನೂ ಇಲ್ಲದೆ ಪಾಟ್‌ನ ಅರ್ಧ ಹಾಕಿ ಬ್ಲಫ್ ಮಾಡಿದರೆ, ಮೂರರಲ್ಲಿ ಒಂದು ಸಲ ಎದುರಿನವರು ಎಲೆ ಬಿಟ್ಟರೂ ನಷ್ಟವಿಲ್ಲ. ಆದರೆ ಈ ಹಿರಿಯರು ಜೋಡಿ ಬಿಡುವವರೇ ಅಲ್ಲ ಎಂಬುದು ಅಷ್ಟು ಹೊತ್ತಿಗೆ ಟೇಬಲ್‌ಗೆಲ್ಲ ಗೊತ್ತಾಗಿತ್ತು. ಎದುರಿನವರು ಬಿಡುವುದೇ ಇಲ್ಲವೆಂದಾದರೆ ಆ ಲೆಕ್ಕ ಹಾಕಿ ಪ್ರಯೋಜನವೇನು? ಇದನ್ನು ಜಗುಲಿಯಲ್ಲಿ ಹೇಳಿದಾಗ ಅಂಕೋಲೆಯ ಹುಡುಗ ಕೇಳಿದ: "ಅಣ್ಣ, ಅಷ್ಟು ಸಣ್ಣ ಜೋಡಿ ಹಿಡ್ಕೊಂಡು ಅವ್ರು ಹ್ಯಾಗೆ ಕಾಲ್ ಮಾಡಿದ್ರು?" ನಾನಂದೆ: "ತಮ್ಮಾ, ಅವ್ರು ಖುಷಿಗೆ ಅಂತ ಬಂದವರು. ಕೊನೇ ಎಲೆ ನೋಡದೆ ಯಾಕೆ ಬಿಡ್ತಾರೆ?"

ಅದೇ ಟೇಬಲ್‌ನಲ್ಲಿ ಒಬ್ಬ ಮಹಿಳೆ ಆಡುತ್ತಿದ್ದರು. ಹಿರಿಯರ ಎದುರು ಅವರು ಬ್ಲಫ್ ಮಾಡಲೇ ಇಲ್ಲ. ರಾಜನ ಜೋಡಿ ಸಿಕ್ಕ ಕೈಯಲ್ಲಿ ಮಾತ್ರ ಮೂರೂ ಸುತ್ತು ಹಾಕಿದರು, ಪ್ರತಿ ಸಲ ಪಾಟ್‌ನ ಅರ್ಧ. ಹೀಗೆ ಹಾಕಿದ್ದು ಹೇಗೆ ಬೆಳೆಯುತ್ತದೆ ನೋಡಿ: ಪಾಟ್‌ನಲ್ಲಿ 1,000 ಇದ್ದರೆ 500 ಹಾಕಿ ಕಾಲ್ ಆದಾಗ 2,000, ಆಮೇಲೆ 4,000, ಕೊನೆಗೆ 8,000. ಪ್ರತಿ ಸುತ್ತಿಗೂ ಪಾಟ್‌ನಷ್ಟೇ ಹಾಕಿದರೆ ಅದೇ 1,000 ಚಿಪ್ಸ್ 27,000 ಆಗುತ್ತದೆ. ಕಾಲ್ ಮಾಡುವವರ ಎದುರು ಗಳಿಕೆಯ ದಾರಿ ಇದೇ. ಒಳ್ಳೆಯ ಕೈ ಬಂದಾಗ ಅಡಗಿಸಿಟ್ಟು, ಏನೂ ಹಾಕದೆ ಚೆಕ್ ಮಾಡುತ್ತಾ ಕೂರುವ 'ಜಾಣ'ರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಕೊಡಲು ಸಿದ್ಧರಿರುವವರ ಹತ್ತಿರ ಕೇಳುವುದೇ ಇಲ್ಲವಲ್ಲ!

ಹೊಸಬರೆಲ್ಲ ಒಂದೇ ಥರ ಇರುವುದಿಲ್ಲ. ಕೆಲವರು ಹೆದರಿಕೊಂಡು ಕೂರುತ್ತಾರೆ, ಬ್ಲೈಂಡ್ (ಎಲೆ ನೋಡುವ ಮೊದಲೇ ಸರದಿಯಂತೆ ಹಾಕಬೇಕಾದ ಚಿಪ್ಸ್) ಹಾಕುತ್ತಾರೆ, ಎಲೆ ಬಿಡುತ್ತಾರೆ. ಅವರ ಬ್ಲೈಂಡ್‌ಗಳನ್ನು ಸಣ್ಣ ರೇಸ್‌ನಿಂದಲೇ ತೆಗೆದುಕೊಳ್ಳಬಹುದು. ಆದರೆ ಅಂಥವರು ರಿವರ್‌ನಲ್ಲಿ ಏಕಾಏಕಿ ರೇಸ್ ಮಾಡಿದರೆ ಎಕ್ಕದ ಜೋಡಿಯನ್ನೂ ಎಸೆಯಬೇಕು. ಹೆದರುವವರು ಸುಮ್ಮನೆ ರೇಸ್ ಮಾಡುವುದನ್ನು ನಾನು ಕಂಡದ್ದು ತೀರಾ ಕಡಿಮೆ. ಇನ್ನು ಪ್ರತಿ ಕೈಗೂ ರೇಸ್ ಮಾಡುವವರೂ ಇದ್ದಾರೆ. ಅವರ ಮೇಲೆ ಹಟಕ್ಕೆ ಬೀಳದೆ, ಒಳ್ಳೆಯ ಜೋಡಿ ಬರುವವರೆಗೆ ಕಾದು, ಬಂದಾಗ ಕಾಲ್ ಮಾಡಿದರಾಯಿತು.

ಹೊಸಬರು ತುಂಬಿದ ಟೇಬಲ್‌ನಲ್ಲಿ ನಾಲ್ಕೈದು ಜನ ಬರೀ ಬ್ಲೈಂಡ್‌ನಷ್ಟು ಹಾಕಿ ಫ್ಲಾಪ್ ನೋಡಲು ಬರುತ್ತಾರೆ. ಎರಡು ಎಕ್ಕಗಳಿಗೆ ಒಬ್ಬರ ಎದುರು ಗೆಲ್ಲುವ ಸಾಧ್ಯತೆ ಸುಮಾರು 85%. ಐದು ಜನರ ಎದುರು ಅದು 50%ಗೂ ತುಸು ಕೆಳಗಿಳಿಯುತ್ತದೆ. ಆದ್ದರಿಂದ ಇಂಥ ಕಡೆ ರೇಸ್ ದೊಡ್ಡದಿರಬೇಕು: ಬಿಗ್ ಬ್ಲೈಂಡ್‌ನ (ಎರಡು ಬ್ಲೈಂಡ್‌ಗಳಲ್ಲಿ ದೊಡ್ಡದರ) ಮೂರು ಪಟ್ಟು, ಮೊದಲೇ ಒಳಬಂದ ಒಬ್ಬೊಬ್ಬರಿಗೂ ಇನ್ನೊಂದೊಂದು ಬ್ಲೈಂಡ್ ಸೇರಿಸಿ. ಆದರೂ ಒಮ್ಮೊಮ್ಮೆ ಸೋಲು ಬರುತ್ತದೆ. 85% ಎಂದರೆ ಏಳರಲ್ಲಿ ಒಂದು ಸಲ ಸೋಲುವುದು ಲೆಕ್ಕದೊಳಗೇ ಇದೆ. ದೊಡ್ಡ ಟೂರ್ನಮೆಂಟ್‌ನಲ್ಲೂ ಬಲ್ಲವರು ಸೋತದ್ದಿದೆ: 2003ರ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಟೂರ್ನಮೆಂಟ್‌ನಲ್ಲಿ ಆಡಿದ 839 ಜನರಲ್ಲಿ ಉಳಿದವರೆಲ್ಲರನ್ನೂ ದಾಟಿ 25 ಲಕ್ಷ ಡಾಲರ್ ಗೆದ್ದದ್ದು ಕ್ರಿಸ್ ಮನಿಮೇಕರ್ ಎಂಬ ಅಕೌಂಟೆಂಟ್, ವೃತ್ತಿಪರ ಆಟಗಾರನಲ್ಲ.

ಹೀಗೆ ಸೋತಾಗ ಕೆಲವರು ಎದುರಿನವರಿಗೆ ಪಾಠ ಹೇಳಲು ಹೊರಡುತ್ತಾರೆ: "ಆ ಎಲೆ ಹಿಡ್ಕೊಂಡು ಯಾರಾದ್ರೂ ಕಾಲ್ ಮಾಡ್ತಾರಾ?" ನನಗೆ ಇದು ಸ್ವಲ್ಪವೂ ಸಹಿಸದು. ಮೊದಲನೆಯದಾಗಿ ಅದು ಅಗೌರವ. ಎರಡನೆಯದಾಗಿ, ಬೈಸಿಕೊಂಡವರು ಮುಂದಿನ ಕೈಯಿಂದಲೇ ಎಚ್ಚರವಾಗುತ್ತಾರೆ, ಬರುತ್ತಿದ್ದ ಕಾಲ್‌ಗಳು ನಿಲ್ಲುತ್ತವೆ. ಆ ಮಹಿಳೆ ಹಿರಿಯರ ಕೈಯಲ್ಲಿ ಸೋತಾಗಲೂ "ಚೆನ್ನಾಗಿ ಆಡಿದ್ರಿ ಸರ್" ಎನ್ನುತ್ತಿದ್ದರು, ಮನಸ್ಸಿನಿಂದಲೇ.

ಹುಡುಗರು ಕೊನೆಗೆ ಕೇಳುವುದು ಚಿಪ್ಸ್ ಕರಗಿದಾಗ ಏನು ಮಾಡಬೇಕೆಂದು. ಟೂರ್ನಮೆಂಟ್‌ನಲ್ಲಿ ಬ್ಲೈಂಡ್ ಏರುತ್ತಲೇ ಇರುತ್ತದೆ, ಒಳ್ಳೆಯ ಎಲೆಗೆಂದು ಕೊನೆಯವರೆಗೂ ಕಾಯಲಾಗದು. ಕೈಯಲ್ಲಿ ಹತ್ತು ಬಿಗ್ ಬ್ಲೈಂಡ್‌ಗಿಂತ ಕಡಿಮೆ ಉಳಿದಾಗ ಇರುವುದೆಲ್ಲ ತಳ್ಳಿ ಆಲ್-ಇನ್, ಇಲ್ಲವೇ ಎಲೆ ಬಿಟ್ಟು ಫೋಲ್ಡ್. ಬ್ಲೈಂಡ್ ಹಾಕುವ ಜಾಗದಲ್ಲಿ ಹೆದರುವವರು ಕೂತಿದ್ದರೆ ಸಾಧಾರಣ ಎಲೆಯಲ್ಲೂ ತಳ್ಳಬಹುದು, ಬಿಡುತ್ತಾರೆ. ಅಲ್ಲಿ ಆ ಹಿರಿಯರಂಥವರು ಕೂತಿದ್ದರೆ, ಏಳು-ಎಂಟು ಹಿಡಿದು ತಳ್ಳಬೇಡಿ. ಎಕ್ಕವನ್ನೋ ಜೋಡಿಯನ್ನೋ ಹಿಡಿದು ತಳ್ಳಿ. ಕಾಲ್ ಬಂದೇ ಬರುತ್ತದೆ.