ಮೆಟ್ಟಿಲು ಹತ್ತುವ ವೋಲ್ಟೇಜು

ಮುಂಡರಗಿ ಬಸ್ಸಿನ ಕಿಟಕಿಯಲ್ಲಿ ಕಪ್ಪತಗುಡ್ಡದ ಗಾಳಿಯಂತ್ರಗಳು ಕಂಡವು. "ಕಾಕಾ, ಎಸಿ ಕರೆಂಟನ್ನ ಡಿಸಿ ಮಾಡೋ ಕನ್ವರ್ಟರಿನ್ಯಾಗ ಲಕ್ಷಗಟ್ಟಲೆ ವೋಲ್ಟಿಗೆ ಸ್ವಿಚ್ಚು ಸುಟ್ಟು ಹೋಗಂಗಿಲ್ಲೇನು?" ಅಂದ ಅಣ್ಣನ ಮಗ.

ಒಂದೇ ಇದ್ದರೆ ಸುಡುತ್ತದೆ. ಒಂದು ಐಜಿಬಿಟಿ, ಅಂದರೆ ಅಲ್ಲಿನ ಎಲೆಕ್ಟ್ರಾನಿಕ್ ಸ್ವಿಚ್ಚು, ತಡೆಯುವುದು ಕೆಲವೇ ಸಾವಿರ ವೋಲ್ಟ್. ಅದಕ್ಕೇ ನೂರಾರು ಮಾಡ್ಯೂಲುಗಳನ್ನು ಸೀರೀಸಿನಲ್ಲಿ, ಒಂದರ ಹಿಂದೊಂದು, ಜೋಡಿಸುತ್ತಾರೆ. ಪ್ರತಿಯೊಂದರಲ್ಲೂ ಚಾರ್ಜ್ ಹಿಡಿದಿಡುವ ಒಂದು ಕೆಪಾಸಿಟರ್, ಜೊತೆಗೆ ಸ್ವಿಚ್ಚುಗಳು. ಒಂದೊಂದನ್ನೇ ಸೇರಿಸುತ್ತಾ, ಬಿಡುತ್ತಾ ಹೋದರೆ ವೋಲ್ಟೇಜು ಮೆಟ್ಟಿಲು ಮೆಟ್ಟಿಲಾಗಿ ಏರಿಳಿಯುತ್ತದೆ. ಮೆಟ್ಟಿಲು ಜಾಸ್ತಿಯಾದಷ್ಟೂ ಅಲೆ ನುಣುಪು, ಅದರ ಒರಟು ತೆಗೆಯುವ ಫಿಲ್ಟರ್ ಖರ್ಚು ಕಡಿಮೆ. ತಮಿಳುನಾಡಿನ ಪುಗಳೂರು–ಕೇರಳದ ತ್ರಿಶ್ಶೂರ್ ನಡುವಿನ 320 ಕಿಲೋವೋಲ್ಟ್ ಡಿಸಿ ಲೈನ್ 2021ರಿಂದ ಹೀಗೇ ನಡೆಯುತ್ತಿದೆ.

ನನಗೆ ಇಷ್ಟವಾಗೋದು ಬೇರೆ ವಿಷಯ. ಒಂದು ಮಾಡ್ಯೂಲು ಕೆಟ್ಟರೆ ಅದನ್ನು ಬೈಪಾಸ್ ಮಾಡಿ ಉಳಿದವು ಕೆಲಸ ಮುಂದುವರಿಸುತ್ತವೆ. ಕಷ್ಟ ಇರೋದು ಅಷ್ಟೂ ಕೆಪಾಸಿಟರ್‌ಗಳ ಚಾರ್ಜ್ ಸಮ ಇಡೋದರಲ್ಲಿ. ಅಲ್ಲಿ ಕಂಟ್ರೋಲ್ ಪ್ರೋಗ್ರಾಂ ಬರೆಯುವವರ ಬೆವರು ಇಳಿಯುತ್ತದೆ, ಸುಮ್ನೆ ಅಲ್ಲ.