ಸ್ಲೈಡ್ ಗಿಟಾರ್ ಕಲಿಕೆ: ಬೇಡದ ಸದ್ದಿನ ಜೊತೆ ಗುದ್ದಾಟ

ಬೆರಳಿಗೆ ಕೊಳವೆಯಂಥ ಸ್ಲೈಡ್ ಹಾಕಿಕೊಂಡು, ತಂತಿಯನ್ನು ಒತ್ತದೆ ಅದರ ಮೇಲೆ ಜಾರಿಸಿ ನುಡಿಸುವುದು ಸ್ಲೈಡ್ ಗಿಟಾರ್. ಅದನ್ನು ಕಲಿಯುತ್ತಿದ್ದೇನೆ. ಸದ್ಯಕ್ಕೆ ಎಲ್ಲಿದ್ದೇನೆ ಅಂದರೆ: ಮೊದಲನೇ ತಂತಿಯ (ಎಲ್ಲಕ್ಕಿಂತ ತೆಳುವಾದದ್ದು) ಮೇಲೆ ನಿಧಾನದ ಒಂದು ಸಾಲು ಶ್ರುತಿ ಬಿಡದೆ ಬರುತ್ತದೆ. ಮೊದಲನೇ ಮತ್ತು ಎರಡನೇ ತಂತಿ ಒಟ್ಟಿಗೆ ಮೀಟಿದರೂ ಪರವಾಗಿಲ್ಲ. ಮೂರನೇ ತಂತಿಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಯಾವುದೋ ಒಂದು ತಂತಿ ಗುಂಯ್ ಅನ್ನುತ್ತಿರುತ್ತದೆ. ವೈಬ್ರೇಟೊ, ಅಂದರೆ ಸ್ವರವನ್ನು ಓಲಾಡಿಸುವುದು, ಇನ್ನೂ ಹೆದರಿದವರ ದನಿ ಥರ ಇದೆ. ಆದರೂ ಶುರುವಿನ ಕಿರುಚಾಟ ಹೋಗಿದೆ. ಅಷ್ಟು ಸಾಕು, ಈ ಟಿಪ್ಪಣಿ ಬರೆಯೋಕೆ.

ಮಾಮೂಲಿ ಗಿಟಾರ್ ಸ್ವಲ್ಪ ಗೊತ್ತಿತ್ತು. ನಾಲ್ಕಾರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ಒಂದಿಷ್ಟು ಬೆರಳಲ್ಲಿ ಮೀಟುವ ಅಭ್ಯಾಸ. ಅದರಿಂದ ಬಲಗೈಗೆ ಲಾಭವಾಯಿತು. ಎಡಗೈಗೆ ಮಾತ್ರ ಎಲ್ಲ ಹೊಸದು. ಇಷ್ಟು ದಿನ ಒತ್ತಿ ಹಿಡಿ ಅಂತ ಬೆರಳಿಗೆ ಹೇಳಿಕೊಟ್ಟು, ಈಗ ಒತ್ತಲೇಬೇಡ ಅಂದರೆ ಅದಾದರೂ ಏನು ಮಾಡೀತು!

ಯಾವ ಸ್ಲೈಡ್, ಯಾವ ಬೆರಳು

ಇದರ ಬಗ್ಗೆ ಓದುತ್ತಾ ಕೂತರೆ ಮುಗಿಯುವುದಿಲ್ಲ. ಗಾಜು, ಹಿತ್ತಾಳೆ, ಉಕ್ಕು, ಪಿಂಗಾಣಿ, ಎಲ್ಲಕ್ಕೂ ಅಭಿಮಾನಿಗಳಿದ್ದಾರೆ. ಹಿತ್ತಾಳೆ ಭಾರ. ಸ್ವರ ಜಾಸ್ತಿ ಹೊತ್ತು ನಿಲ್ಲುತ್ತದೆ, ತಂತಿಗೆ ಉಜ್ಜುವ ಸದ್ದೂ ಜಾಸ್ತಿ. ಗಾಜು ನಯ, ಅದರ ನಾದ ದುಂಡಗೆ. ನಾನು ದಪ್ಪ ಗೋಡೆಯ ಗಾಜಿನದು ಇಟ್ಟುಕೊಂಡಿದ್ದೇನೆ. ತೆಳು ಗಾಜಿನಲ್ಲಿ ತಂತಿ ಸುಮ್ನೆ ಚಿರಗುಟ್ಟುತ್ತದೆ, ದನಿಗೆ ಮೈ ಇರುವುದಿಲ್ಲ.

ದೊಡ್ಡ ಸ್ಲೈಡ್ ವಾದಕರು ಸಿಕ್ಕಿದ್ದನ್ನೆಲ್ಲ ಬಳಸಿದ್ದಾರೆ ಅನ್ನುವುದು ಸಮಾಧಾನದ ವಿಷಯ. ಬಾಟಲಿಯ ಕುತ್ತಿಗೆ ಕತ್ತರಿಸಿ ಬೆರಳಿಗೆ ಹಾಕಿಕೊಂಡವರಿಂದಲೇ ಈ ಶೈಲಿಗೆ ಬಾಟಲ್‌ನೆಕ್ ಅನ್ನುವ ಹೆಸರು ಬಂತು. ಡ್ವೇನ್ ಆಲ್ಮನ್ ಕೈಯಲ್ಲಿದ್ದದ್ದು ಶೀತದ ಮಾತ್ರೆಯ ಪುಟ್ಟ ಗಾಜಿನ ಬಾಟಲಿ. ಲೋವೆಲ್ ಜಾರ್ಜ್ ಸ್ಪಾರ್ಕ್ ಪ್ಲಗ್ ಬಿಚ್ಚುವ ಸಾಕೆಟ್ಟನ್ನೇ ಬೆರಳಿಗೇರಿಸಿ ನುಡಿಸಿದರು.

ಬೆರಳಿನ ವಿಷಯದಲ್ಲೂ ಒಮ್ಮತ ಇಲ್ಲ. ಮಡ್ಡಿ ವಾಟರ್ಸ್ ಅವರದು ಕಿರುಬೆರಳು, ಆಲ್ಮನ್ ಅವರದು ಉಂಗುರ ಬೆರಳು, ಬಾನಿ ರೇಟ್ ಅವರದು ನಡುಬೆರಳು. ನಾನು ಕಿರುಬೆರಳು ಹಿಡಿದೆ. ಉಳಿದ ಮೂರು ಬೆರಳು ಖಾಲಿ ಸಿಗುತ್ತವೆ, ನಡುವೆ ಒಂದು ಸಣ್ಣ ಕಾರ್ಡ್ ಹಿಡಿಯಬಹುದು. ಉಂಗುರ ಬೆರಳಲ್ಲಿ ಹಿಡಿತ ಚೆನ್ನಾಗಿರುತ್ತದೆ ಅನ್ನುವುದು ನಿಜವೇ. ಆದರೆ ಬೆರಳು ಆರಿಸುವುದಕ್ಕಿಂತ ಸ್ಲೈಡ್ ಸರಿಯಾಗಿ ಕೂರುವುದು ಮುಖ್ಯ. ಸಡಿಲ ಇದ್ದರೆ ಕೈ ಅದನ್ನು ಬೀಳದಂತೆ ಹಿಡಿಯುವುದರಲ್ಲೇ ಸುಸ್ತಾಗುತ್ತದೆ. ಒಳಗೆ ಬಟ್ಟೆಯ ಒಂದು ಪಟ್ಟಿ ಅಂಟಿಸಿದ್ದೇನೆ, ಈಗ ಅಲ್ಲಾಡುವುದಿಲ್ಲ.

ತಂತಿ ಮತ್ತು ಎತ್ತರ

ಗಿಟಾರ್ ಕುತ್ತಿಗೆಗೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್. ತಂತಿಗಳು ಫ್ರೆಟ್‌ಗೆ ತೀರಾ ಹತ್ತಿರ ಇದ್ದರೆ ಸ್ಲೈಡ್ ಫ್ರೆಟ್‌ಗೆ ಬಡಿದು ಕಟಕಟ ಅನ್ನುತ್ತದೆ. ಸ್ವಲ್ಪ ಎತ್ತರಿಸಿದೆ, ಮೊದಲನೇ ತಂತಿ 13ರ ದಪ್ಪದ್ದು ಹಾಕಿದೆ. ಅಂದರೆ 0.013 ಇಂಚು. ದಪ್ಪ ತಂತಿ ಸ್ಲೈಡ್‌ನ ಭಾರಕ್ಕೆ ಅಷ್ಟು ಸುಲಭವಾಗಿ ತಗ್ಗುವುದಿಲ್ಲ. ಎತ್ತರ ತೀರಾ ಜಾಸ್ತಿ ಮಾಡಲಿಲ್ಲ, ಮಾಮೂಲಿ ಕಾರ್ಡ್‌ಗಳೂ ಬೇಕಲ್ವಾ.

ಓಪನ್ ಡಿ

ಟ್ಯೂನಿಂಗ್ ಬದಲಿಸದೆಯೂ ಸ್ಲೈಡ್ ನುಡಿಸಬಹುದು. ಆದರೆ ಮಾಮೂಲಿ ಟ್ಯೂನಿಂಗ್‌ನಲ್ಲಿ ಅಡ್ಡಡ್ಡ ಎಳೆದರೆ ಒಂದಕ್ಕೊಂದು ಹೊಂದದ ಸ್ವರಗಳೂ ಎದ್ದು ಬರುತ್ತವೆ. ಓಪನ್ ಟ್ಯೂನಿಂಗ್‌ನಲ್ಲಿ ಎಲ್ಲ ತಂತಿ ಸೇರಿ ಒಂದೇ ಕಾರ್ಡ್ ಆಗಿರುವುದರಿಂದ ಪಕ್ಕದ ತಂತಿ ತಗುಲಿದರೂ ಕಿವಿ ಮಾಫಿ ಮಾಡುತ್ತದೆ.

ನಾನು ಹಿಡಿದದ್ದು ಓಪನ್ ಡಿ. ದಪ್ಪ ತಂತಿಯಿಂದ ಶುರು ಮಾಡಿದರೆ ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ. ಆರನೇ, ಎರಡನೇ, ಮೊದಲನೇ ತಂತಿಗಳನ್ನು ಒಂದೊಂದು ಪೂರ್ತಿ ಸ್ವರ ಇಳಿಸಬೇಕು, ಮೂರನೆಯದನ್ನು ಅರ್ಧ ಸ್ವರ. ಎಲ್ಲವೂ ಇಳಿಸುವುದೇ, ಏರಿಸುವುದು ಯಾವುದೂ ಇಲ್ಲ. ಹಾಗಾಗಿ ತಂತಿ ಹರಿಯುವ ಭಯ ಇಲ್ಲ. ಓಪನ್ ಇ ಬೇಕು ಅನ್ನಿಸಿದರೆ ಎರಡನೇ ಫ್ರೆಟ್‌ಗೆ ಕೇಪೋ (ಎಲ್ಲ ತಂತಿಗಳನ್ನು ಒಟ್ಟಿಗೆ ಒತ್ತುವ ಕ್ಲಿಪ್) ಹಾಕಿದರೆ ಆಯಿತು.

ನಮ್ಮ ಸ್ವರಗಳಲ್ಲಿ ಯೋಚಿಸಿದ ಮೇಲೆ ಇದೆಲ್ಲ ಹಗುರವಾಯಿತು. ಓಪನ್ ಡಿ ಅಂದರೆ ಸ ಪ ಸ ಗ ಪ ಸ. ಇನ್ನೊಂದು ಓಪನ್ ಟ್ಯೂನಿಂಗ್ ಆದ ಓಪನ್ ಜಿ ಅಂದರೆ ಪ ಸ ಪ ಸ ಗ ಪ. ಅಷ್ಟೇ! ಒಂದರಲ್ಲಿ ಮೊದಲನೇ ತಂತಿ ಷಡ್ಜ, ಇನ್ನೊಂದರಲ್ಲಿ ಪಂಚಮ. ಹಾಡುವ ಸಾಲನ್ನು ಒಂದೇ ತಂತಿಯ ಮೇಲೆ ಸ ಇಂದ ಸ ವರೆಗೆ ನುಡಿಸಬೇಕು ಅನ್ನುವವರಿಗೆ ಓಪನ್ ಡಿ ಆರಾಮ. ಇಡೀ ಕಾರ್ಡ್ ಬೇಕಾದರೆ 5ನೇ ಫ್ರೆಟ್ ಮಧ್ಯಮದ್ದು, 7ನೆಯದು ಪಂಚಮದ್ದು, 12ರಲ್ಲಿ ಮತ್ತೆ ಷಡ್ಜ.

ಇನ್ನೊಂದು ಖುಷಿಯ ವಿಷಯ. ಬ್ಲೂಸ್ (ಅಮೆರಿಕದ ಕಪ್ಪು ಜನರ ಸಂಗೀತ ಶೈಲಿ) ಕಲಿಯುವವರಿಗೆ ಮೊದಲು ಹೇಳಿಕೊಡುವ ಐದು ಸ್ವರಗಳು ಮೊದಲನೇ ತಂತಿಯಲ್ಲಿ ಖಾಲಿ, 3, 5, 7, 10, ಮತ್ತೆ 12. ಸ್ವರ ಹೇಳಿ ನೋಡಿ: ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ. ಶುದ್ಧ ಧನ್ಯಾಸಿ ರಾಗದ ಸ್ವರಗಳೇ! ನಡೆ ಬೇರೆ, ರುಚಿ ಬೇರೆ, ಮೆಟ್ಟಿಲು ಮಾತ್ರ ಒಂದೇ. ಬ್ಲೂಸ್‌ನವರ ಗಾಂಧಾರ 3ನೇ ಫ್ರೆಟ್‌ನ ಮೇಲೆ ನೆಟ್ಟಗೆ ಕೂರುವುದಿಲ್ಲ, ತುಸು ಮೇಲೆ ಸರಿದಿರುತ್ತದೆ. ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ. ಫ್ರೆಟ್ ಒತ್ತಿ ನುಡಿಸುವಾಗ ತಂತಿ ಎಳೆದು ಅದನ್ನು ಹುಡುಕಬೇಕು. ಸ್ಲೈಡ್‌ನಲ್ಲಿ ಅದು ಅಲ್ಲೇ ಇರುತ್ತದೆ.

ಫ್ರೆಟ್‌ನ ನೇರ ಮೇಲೆ

ಬೆರಳಿಂದ ಒತ್ತುವಾಗ ಫ್ರೆಟ್‌ನ ಸ್ವಲ್ಪ ಹಿಂದೆ ಒತ್ತುತ್ತೇವೆ. ಸ್ಲೈಡನ್ನು ಲೋಹದ ಪಟ್ಟಿಯ ನೇರ ಮೇಲೆ ನಿಲ್ಲಿಸಬೇಕು, ಯಾಕೆಂದರೆ ಈಗ ತಂತಿಯ ಉದ್ದ ತೀರ್ಮಾನಿಸುವುದು ಸ್ಲೈಡೇ. ಹಿಂದೆ ನಿಂತರೆ ಶ್ರುತಿ ಇಳಿಯುತ್ತದೆ.

ಎಷ್ಟು ಇಳಿಯುತ್ತದೆ ಅಂತ ಲೆಕ್ಕ ಹಾಕಿದೆ. 648 ಮಿ.ಮೀ. ಉದ್ದದ ತಂತಿಯಲ್ಲಿ ಮೊದಲ ಫ್ರೆಟ್‌ನ ಮನೆ ಸುಮಾರು 36 ಮಿ.ಮೀ. ಅಗಲ. 12 ದಾಟಿದ ಮೇಲೆ ಅದು 18ಕ್ಕೆ ಇಳಿಯುತ್ತದೆ. ಅರ್ಧ ಸ್ವರವನ್ನು 100 ಸೆಂಟ್ ಅಂತ ಇಟ್ಟುಕೊಂಡರೆ, ಮೊದಲ ಫ್ರೆಟ್ ಹತ್ತಿರ ಒಂದು ಮಿಲಿಮೀಟರ್ ತಪ್ಪಿದರೆ 3 ಸೆಂಟ್ ಕೂಡ ಆಗುವುದಿಲ್ಲ. 12ರ ಹತ್ತಿರ ಅದೇ ಒಂದು ಮಿಲಿಮೀಟರ್‌ಗೆ 5 ಸೆಂಟ್ ದಾಟುತ್ತದೆ. ಮೇಲಕ್ಕೆ ಹೋದಷ್ಟೂ ಕೈ ಸಣ್ಣಗೆ ಚಲಿಸಬೇಕು ಅನ್ನುವುದಕ್ಕೆ ಕಾರಣ ಇದು. ಸುಂದರವಾದ ಜಾಗವೆಲ್ಲ 12ರ ಆಸುಪಾಸಿನಲ್ಲೇ ಇರುವುದು ಬೇರೆ ಮಾತು.

ಕಣ್ಣನ್ನು ಪೂರ್ತಿ ನಂಬುವಂತಿಲ್ಲ. ತಂತಿ ಫ್ರೆಟ್‌ಗಿಂತ ಮೇಲಿರುತ್ತದೆ, ನಾವು ಓರೆಯಾಗಿ ನೋಡುತ್ತೇವೆ. ಹಾಗಾಗಿ ನೇರ ಮೇಲಿದೆ ಅನ್ನಿಸಿದ ಸ್ಲೈಡ್ ನಿಜವಾಗಿ ಪಕ್ಕದಲ್ಲಿರುತ್ತದೆ. ಟ್ಯೂನರ್ ಇಟ್ಟುಕೊಂಡು ನೋಡಿದೆ, ಉಪಯೋಗ ಆಯಿತು, ಆದರೆ ಮುಳ್ಳು ನೋಡಿ ಸರಿಮಾಡುವಷ್ಟರಲ್ಲಿ ಸ್ವರವೇ ಮುಗಿದಿರುತ್ತದೆ. ಈಗ ಹಿನ್ನೆಲೆಯಲ್ಲಿ ತಂಬೂರಿ ಶ್ರುತಿ ಹಾಕಿಕೊಳ್ಳುತ್ತೇನೆ. ಡಿ ಶ್ರುತಿ, ಪಂಚಮ ಇರುವಂಥದ್ದು. ಕಣ್ಣು ಮುಚ್ಚಿ 12ಕ್ಕೆ ಹೋಗಿ ನಿಲ್ಲುವುದು. ಶ್ರುತಿಯೊಳಗೆ ಸ್ವರ ಕರಗಿದರೆ ಸರಿ. ಎರಡೂ ಬೇರೆ ಬೇರೆ ಕೇಳಿಸಿ ಅಲೆ ಎದ್ದರೆ ಸರಿಯಿಲ್ಲ.

ಇದರ ಜೊತೆ ಒಂದು ಕಟ್ಟುನಿಟ್ಟು ಹಾಕಿಕೊಂಡಿದ್ದೇನೆ: ಅಭ್ಯಾಸದ ಮೊದಲ ಅರ್ಧ ಭಾಗ ಜಾರಿಸುವಂತಿಲ್ಲ. ಎತ್ತಬೇಕು, ಬೇಕಾದ ಜಾಗದಲ್ಲಿ ಇಡಬೇಕು, ಮೀಟಬೇಕು. ಜಾರಿ ಜಾರಿ ಸ್ವರ ಹುಡುಕುವುದು ಸುಲಭ, ಅದರಲ್ಲಿ ಕಿವಿಗೆ ಮೋಸ ಆಗುತ್ತದೆ. ಪ್ರತಿ ಸ್ವರಕ್ಕೂ ಕೆಳಗಿನಿಂದ ಜಾರಿ ಬಂದರೆ ಕೇಳುವವರಿಗೂ ಬೇಜಾರು.

ಎರಡು ತಂತಿ ಒಟ್ಟಿಗೆ ನುಡಿಸುವಾಗ ಸ್ಲೈಡ್ ಫ್ರೆಟ್‌ಗೆ ಸಮಾನಾಂತರವಾಗಿ ಇರಬೇಕು. ಕಿರುಬೆರಳು ತಾನಾಗಿಯೇ ಓರೆ ಆಗಲು ನೋಡುತ್ತದೆ. ಆಗ ಒಂದು ತಂತಿ ಶ್ರುತಿಯಲ್ಲಿ, ಇನ್ನೊಂದು ಆಚೆ. ಮೊಣಕೈ ಸ್ವಲ್ಪ ಮೈಯಿಂದ ದೂರ ಇಟ್ಟರೆ ನೆಟ್ಟಗಾಗುತ್ತದೆ.

ಸದ್ದು ಅಡಗಿಸುವುದು

ಅಭ್ಯಾಸದ ಹೆಚ್ಚಿನ ಹೊತ್ತು ಹೋಗುತ್ತಿರುವುದು ಇದಕ್ಕೇ. ಸ್ಲೈಡ್ ಗಿಟಾರ್ ಅಂದರೆ ಬೇಡದ ಸದ್ದನ್ನು ಅಡಗಿಸುವ ಕೆಲಸ, ನಡುನಡುವೆ ಬೇಕಾದ ಸ್ವರ ಬರುತ್ತದೆ ಅಂತ ಈಗ ನನಗೆ ಅನ್ನಿಸುತ್ತಿದೆ.

ಮೊದಲು ಎಡಗೈ. ಸ್ಲೈಡ್ ತಂತಿಯನ್ನು ಎರಡು ತುಂಡು ಮಾಡುತ್ತದೆ. ಮುಂದಿನದು ನಾವು ಮೀಟುವ ತುಂಡು. ಹಿಂದಿನದು, ಅಂದರೆ ಸ್ಲೈಡ್‌ನಿಂದ ಟ್ಯೂನಿಂಗ್ ಕೀಲಿಗಳ ಕಡೆಗಿನದು, ಅದೂ ನಡುಗಿ ತನ್ನದೇ ಸ್ವರ ಹೊರಡಿಸುತ್ತದೆ. ಸ್ಲೈಡ್ ಮೇಲಕ್ಕೆ ಸರಿದರೆ ಮುಂದಿನ ತುಂಡು ಗಿಡ್ಡವಾಗಿ ಸ್ವರ ಏರುತ್ತದೆ. ಅದೇ ಹೊತ್ತಿಗೆ ಹಿಂದಿನ ತುಂಡು ಉದ್ದವಾಗಿ ಅದರ ಸ್ವರ ಇಳಿಯುತ್ತದೆ. ಏರುವ ಸ್ವರದ ಕೆಳಗೆ ಇಳಿಯುವ ಒಂದು ಪಿಶಾಚಿ ಸ್ವರ! ಶುರುವಿನವರು ನುಡಿಸುವಾಗ ಕೇಳಿಸುವ ಆ ಕುಂಯ್ಗುಟ್ಟುವಿಕೆಗೆ ದೊಡ್ಡ ಕಾರಣ ಇದೇ.

ಒಂದು ತಮಾಷೆ ಏನೆಂದರೆ 12ನೇ ಫ್ರೆಟ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ. ಅಲ್ಲಿ ಎರಡೂ ತುಂಡು ಸಮ, ಎರಡರಲ್ಲೂ ಒಂದೇ ಸ್ವರ. 5ನೇ ಫ್ರೆಟ್‌ನಲ್ಲಿ ಹಿಂದೆ ಉಳಿಯುವುದು ತಂತಿಯ ಕಾಲು ಭಾಗ, ಅದು ಎರಡು ಸ್ಥಾಯಿ ಮೇಲಿನ ಷಡ್ಜ. 7ರಲ್ಲಿ ಮೂರನೇ ಒಂದು ಭಾಗ, ಅದು ಪಂಚಮ. ಇವೆಲ್ಲ ಹೊಂದಿಕೊಳ್ಳುವ ಸ್ವರಗಳೇ. 3 ಮತ್ತು 10ರಲ್ಲಿ ಮಾತ್ರ ಹಿಂದಿನ ತುಂಡು ಯಾವುದಕ್ಕೂ ಸೇರದೆ ಅಪಸ್ವರ ನುಡಿಯುತ್ತದೆ. 5, 7, 12 ಚೆನ್ನಾಗಿ ಬಂದು 3, 10 ಯಾಕೆ ಕೆಡುತ್ತಿವೆ ಅಂತ ತಲೆ ಕೆಡಿಸಿಕೊಂಡಿದ್ದಕ್ಕೆ ಇದರಲ್ಲಿ ಉತ್ತರ ಸಿಕ್ಕಿತು.

ಪರಿಹಾರ ಸರಳ. ತೋರುಬೆರಳು, ನಡುಬೆರಳುಗಳನ್ನು ಸ್ಲೈಡ್‌ನ ಹಿಂದೆ ತಂತಿಗಳ ಮೇಲೆ ಸುಮ್ನೆ ಮಲಗಿಸಬೇಕು. ಒತ್ತಬಾರದು, ಎತ್ತಲೂಬಾರದು, ಸ್ಲೈಡ್ ಹೋದ ಕಡೆ ಅವೂ ಎಳೆದುಕೊಂಡು ಹೋಗಬೇಕು. ಓದೋಕೆ ಸುಲಭ. ನುಡಿಸುವಾಗ ತೋರುಬೆರಳು ಗಾಳಿಯಲ್ಲಿ ನಿಂತು ಯಾರಿಗೋ ದಾರಿ ತೋರಿಸುತ್ತಿರುತ್ತದೆ.

ಇನ್ನು ಬಲಗೈ. ತಂತಿ ಮೀಟುವ ಪ್ಲೆಕ್ಟ್ರಮ್ ಬಿಲ್ಲೆ ಬಿಟ್ಟೆ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಒರಗಿರುತ್ತದೆ. ತೋರು, ನಡು, ಉಂಗುರ ಬೆರಳುಗಳು ಮೂರನೇ, ಎರಡನೇ, ಮೊದಲನೇ ತಂತಿಯ ಮೇಲೆ ಕೂತಿರುತ್ತವೆ. ಮೀಟುವ ಬೆರಳು ಮಾತ್ರ ಏಳುತ್ತದೆ, ಸ್ವರ ಮುಗಿಯುವ ಹೊತ್ತಿಗೆ ವಾಪಸ್ ಬಂದು ಕೂರುತ್ತದೆ. ಸ್ಲೈಡ್ ಎತ್ತುವ ಮೊದಲು ಬಲಗೈ ತಂತಿಯನ್ನು ಅಡಗಿಸಿರಬೇಕು. ಕ್ರಮ ಉಲ್ಟಾ ಆದರೆ ಖಾಲಿ ತಂತಿ ಟಣ್ ಅನ್ನುತ್ತದೆ. ಇದಕ್ಕಾಗಿ ಮಾಡುವ ಅಭ್ಯಾಸ ಶುದ್ಧ ಬೋರು: 12ರ ಮೇಲೆ ಸ್ಲೈಡ್ ಇಟ್ಟು ಮೊದಲನೇ ತಂತಿ, ಎರಡನೇ ತಂತಿ, ಮತ್ತೆ ಮೊದಲನೆಯದು. ಒಂದು ಶುರುವಾದಾಗ ಇನ್ನೊಂದು ಪೂರ್ತಿ ನಿಂತಿರಬೇಕು. ಬೋರಾದರೂ, ಇಲ್ಲಿಯವರೆಗೆ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ.

ವೈಬ್ರೇಟೊ

ಇನ್ನೂ ಸಿಕ್ಕಿಲ್ಲ. ಫ್ರೆಟ್‌ನ ಆಚೆ ಈಚೆ ಎರಡೂ ಕಡೆ ಸಮನಾಗಿ ಸ್ಲೈಡ್ ಓಲಾಡಬೇಕು, ಆಗ ಕಿವಿಗೆ ನಡುವಿನ ಸ್ವರ ನಿಲ್ಲುತ್ತದೆ. ನನ್ನದು ಮೇಲಕ್ಕೇ ಜಾಸ್ತಿ ಹೋಗುತ್ತದೆ, ಸ್ವರ ಏರಿದಂತೆ ಕೇಳುತ್ತದೆ. ಬೆರಳು ಅಲ್ಲಾಡಿಸುವುದನ್ನು ಬಿಟ್ಟು ಮಣಿಕಟ್ಟಿನಿಂದ ಓಲಾಡಿಸಲು ನೋಡುತ್ತಿದ್ದೇನೆ. ತಾಳ ಹಾಕುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಏಟಿಗೆ ಇಟ್ಟು ಒಂದು ಏಟಿಗೆ ಎರಡು ಓಲಾಟ. ಸ್ವರ ಮುಟ್ಟಿದ ತಕ್ಷಣ ಶುರು ಮಾಡದೆ, ಒಂದು ಕ್ಷಣ ಸುಮ್ಮನೆ ನಿಂತು ಆಮೇಲೆ ಓಲಾಡಿಸಿದರೆ ಹಾಡಿದ ಹಾಗೆ ಕೇಳುತ್ತದೆ. ಇದು ಹಾಡುವವರನ್ನು ಕೇಳಿ ಕದ್ದದ್ದು.

ಕೇಳುತ್ತಿರುವುದು

ಬ್ಲೈಂಡ್ ವಿಲ್ಲಿ ಜಾನ್ಸನ್ 1927ರಲ್ಲಿ ರೆಕಾರ್ಡ್ ಮಾಡಿದ, ಮಾತಿಲ್ಲದೆ ಬರೀ ಗುನುಗು ಮತ್ತು ಸ್ಲೈಡ್ ಇರುವ ಹಾಡು. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳ ಚಿನ್ನದ ತಟ್ಟೆಯಲ್ಲಿ ಅದೂ ಹೋಯಿತು. ಅವರು ಗುನುಗಿದ್ದನ್ನೇ ಗಿಟಾರ್ ಹಿಂದೆ ಹಿಂದೆ ಹೇಳುತ್ತದೆ. ಅದರಲ್ಲಿ ಎಷ್ಟು ಕಡಿಮೆ ಸ್ವರಗಳಿವೆ ಅಂತ ಎಣಿಸಿದರೆ ಆಶ್ಚರ್ಯ ಆಗುತ್ತದೆ.

ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ಲೋಹದ ಕಂಬಿಯಿಂದ ನುಡಿಸುವ ದಾರಿ ಬೇರೆ. ಅದು ಹತ್ತೊಂಬತ್ತನೇ ಶತಮಾನದ ಕೊನೆಗೆ ಹವಾಯಿಯಲ್ಲಿ ಬೆಳೆಯಿತು, ಜೋಸೆಫ್ ಕೆಕುಕು ಹೆಸರು ಅದಕ್ಕೆ ಅಂಟಿಕೊಂಡಿದೆ. ವಿಶ್ವಮೋಹನ ಭಟ್ಟರ ಮೋಹನವೀಣೆ ಆ ಕಡೆಯದು. ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಜೊತೆ ಅವರು ನುಡಿಸಿದ ಆಲ್ಬಮ್‌ಗೆ 1994ರಲ್ಲಿ ಗ್ರ್ಯಾಮಿ ಬಂತು. ಅದರಲ್ಲಿ ಒಬ್ಬರದು ಮಲಗಿದ ಗಿಟಾರ್, ಇನ್ನೊಬ್ಬರದು ಎತ್ತಿ ಹಿಡಿದ ಬಾಟಲ್‌ನೆಕ್. ಎರಡು ಶೈಲಿಯ ವ್ಯತ್ಯಾಸ ತಿಳಿಯಲು ಅದಕ್ಕಿಂತ ಒಳ್ಳೆಯ ಪಾಠ ಬೇಡ. ವೀಣೆಯಂತಿದ್ದು ಜಾರಿಸಿ ನುಡಿಸುವ ನಮ್ಮ ಗೋಟುವಾದ್ಯವನ್ನೂ ಈಗ ಬೇರೆ ಕಿವಿಯಲ್ಲಿ ಕೇಳುತ್ತಿದ್ದೇನೆ. ಅಲ್ಲಿ ಮೆಟ್ಟಿಲೇ ಇಲ್ಲ, ಗುರುತಿಗೆ ಫ್ರೆಟ್ ಕೂಡ ಸಿಗುವುದಿಲ್ಲ. ನನಗೆ ಫ್ರೆಟ್ ಕಣ್ಣೆದುರು ಇದ್ದೂ ತಪ್ಪುತ್ತದೆ!

ಮುಂದಿನ ಕೆಲಸ

ಹೆಬ್ಬೆರಳಿಂದ ಆರನೇ ಮತ್ತು ನಾಲ್ಕನೇ ಖಾಲಿ ತಂತಿಗಳನ್ನು ತಾಳಕ್ಕೆ ಸರಿಯಾಗಿ ಮೀಟುತ್ತಾ ಮೊದಲನೇ ಮತ್ತು ಎರಡನೇ ತಂತಿಗಳಲ್ಲಿ ಸ್ಲೈಡ್ ಸಾಲು ನುಡಿಸಬೇಕು. ಇದಕ್ಕೆ ಸ್ಲೈಡ್‌ನ ತುದಿಯನ್ನು ದಪ್ಪ ತಂತಿಗಳಿಂದ ಮೇಲೆತ್ತಿ ಹಿಡಿಯಬೇಕು, ಹಿಂದಿನ ಬೆರಳುಗಳು ಆ ತಂತಿಗಳನ್ನು ಮುಟ್ಟಬಾರದು. ಅಂದರೆ ಇಷ್ಟು ದಿನ ಎಲ್ಲ ತಂತಿಯ ಮೇಲೆ ಮಲಗಲು ಕಲಿಸಿದ ತೋರುಬೆರಳಿಗೆ ಈಗ ಅರ್ಧ ಮಾತ್ರ ಮಲಗು ಅನ್ನಬೇಕು. ಮೆಟ್ರೊನೋಮ್ 50ಕ್ಕೆ ಇಟ್ಟರೆ ಒಂದೆರಡು ಆವರ್ತ ನಡೆಯುತ್ತದೆ. ಸ್ಲೈಡ್ 10ನೇ ಫ್ರೆಟ್‌ಗೆ ಹೊರಟ ತಕ್ಷಣ ಹೆಬ್ಬೆರಳು ನಿಂತು ನೋಡುತ್ತದೆ. ಹಾಗಾಗಿ ಸದ್ಯಕ್ಕೆ 10ನ್ನು ಕೈಬಿಟ್ಟು 5, 7, 12 ಮೂರರಲ್ಲೇ ಒಂದು ಸಾಲು ಕಟ್ಟಿಕೊಂಡು ಹೆಬ್ಬೆರಳನ್ನು ಪಳಗಿಸುತ್ತಿದ್ದೇನೆ.